ಬೇಲಿಯೇ ಹೊಲವನ್ನು ಮೇಯ್ದಾಗ

ಕೋಟೆಯ ಕಾವಲುಗಾರನು ಒಮ್ಮೊಮ್ಮೆ ತನ್ನವರನ್ನೇ ಶತ್ರುಗಳೆಂದು ಭ್ರಮಿಸುವುದುಂಟು. ಮಾನವ ಶರೀರದಲ್ಲಿಯೂ ಇಂತಹ ಪ್ರಮಾದ ಸಂಭವಿಸುತ್ತದೆ. ರೋಗಾಣುಗಳನ್ನು ಎದುರಿಸಲೆಂದು ಶರೀರವು ಪ್ರತಿಕಾಯಗಳೆಂಬ ರಕ್ಷಕ ವಸ್ತುಗಳನ್ನು ಉತ್ಪಾದಿಸುತ್ತದೆ. ಅವು ಸ್ವಂತ ಅಂಗಗಳ ಮೇಲೆಯೇ ಎರಗಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಕ್ಯಾನ್ಸರ್ ರೋಗದ ನಿಮಿತ್ತ ಕಣ್ಣಿಗೆ ಒದಗುವ ಒಂದು ಅಪರೂಪದ ವಿಪತ್ತು ಇದಕ್ಕೆ ನಿದರ್ಶನವಾಗಿದೆ.

1976ರಲ್ಲಿ ಅಮೆರಿಕದ ಸಾಯರ್ ಮತ್ತು ಅವರ ಸಹೋದ್ಯೋಗಿಗಳು ಕ್ಯಾನ್ಸರ್ ಪೀಡಿತರಾದ ಮೂವರು ರೋಗಿಗಳ ಅಂಧತ್ವವನ್ನು ಕುರಿತು ಬರೆದರು. ಕಣ್ಣಿಗೆ ಕ್ಯಾನ್ಸರ್ ಹಬ್ಬಿರಲಿಲ್ಲ. ಆದರೂ ಅಕ್ಷಿಪಟದಲ್ಲಿ ಬೆಳಕನ್ನು ಗ್ರಹಿಸುವ ಜೀವಕೋಶಗಳು ನಶಿಸಿದ್ದವು. ಬೇರೆಲ್ಲಿಯೋ ಬೆಳೆದ ಗಡ್ಡೆ ಕಣ್ಣನ್ನು ಕೆಡಿಸಿದ್ದಾದರೂ ಹೇಗೆ?

1990ರ ದಶಕದ ಆರಂಭದಲ್ಲಿ ಇದರ ಮರ್ಮ ಬಹುಮಟ್ಟಿಗೆ ತಿಳಿಯಿತು. ಅಕ್ಷಿಪಟದ ಕೋಶಗಳಲ್ಲಿ ರಿಕವರಿನ್ ಎಂಬ ಪ್ರೋಟೀನು ಇರುತ್ತದೆ. ಶ್ವಾಸಕೋಶದ ಕೆಲವು ಕ್ಯಾನ್ಸರ್ ಕೋಶಗಳೂ ಇದನ್ನೇ ಉತ್ಪಾದಿಸುತ್ತವೆ. ಇರಬಾರದ ಎಡೆಯಲ್ಲಿ ಇದನ್ನು ಕಂಡ ರಕ್ಷಣಾ ವ್ಯವಸ್ಥೆಯು ಶತ್ರುವೆಂದು ಬಗೆದು ಪ್ರತಿಕಾಯಗಳನ್ನು ಸಜ್ಜುಗೊಳಿಸುತ್ತದೆ. ಅವು ಕಣ್ಣನ್ನು ಸೇರಿ, ಅಲ್ಲಿನ ನಿರಪರಾಧಿ ಕೋಶಗಳನ್ನೂ ನಾಶಪಡಿಸುತ್ತವೆ. ಕೆಲವರಲ್ಲಿ ಬೇರೆ ಪ್ರೋಟೀನುಗಳೂ ಹೀಗೆ ಗುರಿಯಾಗುವುದುಂಟು.

ಇಂತಹ ರೋಗಿಗೆ ಪ್ರಖರವಾದ ಬೆಳಕು ಅಸಹನೀಯವಾಗುತ್ತದೆ. ಕಣ್ಣೆದುರು ಮಿಂಚು ಹೊಳೆದಂತಾಗುತ್ತದೆ. ಸಂಜೆಯಾದೊಡನೆ ದಾರಿ ಕಾಣದಾಗುತ್ತದೆ. ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಸಾಮಾನ್ಯವಾಗಿ ಎರಡೂ ಕಣ್ಣುಗಳ ನೋಟ ಕುಗ್ಗುತ್ತದೆ. ಆದರೆ ಮೊದಮೊದಲು ವೈದ್ಯರು ಕಣ್ಣಿನ ಒಳಭಾಗವನ್ನು ಪರೀಕ್ಷಿಸಿದರೂ ಯಾವ ದೋಷವೂ ಕಾಣದಿರಬಹುದು. ಕನ್ನಡಕ ಬದಲಿಸಿದರೂ ಪ್ರಯೋಜನವಿಲ್ಲ. ಆಗ ಅಕ್ಷಿಪಟದ ವಿದ್ಯುತ್ ಸ್ಪಂದನವನ್ನು ಅಳೆಯುವ ಪರೀಕ್ಷೆಯು ಅಡಗಿದ ದೋಷವನ್ನು ಬಯಲಿಗೆ ತರುತ್ತದೆ.

ಗಮನಿಸಬೇಕಾದ ಸಂಗತಿಯೆಂದರೆ, ಅನೇಕರಲ್ಲಿ ಕ್ಯಾನ್ಸರ್ ಪತ್ತೆಯಾಗುವುದಕ್ಕೆ ಮುನ್ನವೇ ಕಣ್ಣು ಮಂಜಾಗುತ್ತದೆ. ಆದುದರಿಂದ ವಿವೇಕಿಯಾದ ನೇತ್ರವೈದ್ಯರು ಕಣ್ಣನ್ನಷ್ಟೇ ನೋಡಿ ಸುಮ್ಮನಾಗದೆ ರೋಗಿಯ ಎದೆಯನ್ನೂ ಇತರ ಅಂಗಗಳನ್ನೂ ಪರೀಕ್ಷೆಗೆ ಒಳಪಡಿಸುತ್ತಾರೆ. ಕ್ಯಾನ್ಸರಿಗೆ ಚಿಕಿತ್ಸೆ ನೀಡುವುದರ ಜೊತೆಗೆ, ರಕ್ಷಣಾ ವ್ಯವಸ್ಥೆಯ ಉಗ್ರತೆಯನ್ನು ತಗ್ಗಿಸಲು ಸ್ಟೀರಾಯ್ಡ್ ಮುಂತಾದ ಔಷಧಗಳನ್ನು ಕೊಡುತ್ತಾರೆ. ಸತ್ತ ಕೋಶಗಳು ಮತ್ತೆ ಚಿಗುರುವುದಿಲ್ಲ; ಉಳಿದವುಗಳನ್ನು ಕಾಪಾಡಲು ಯತ್ನಿಸಬಹುದು, ಅಷ್ಟೆ.

ವೃದ್ಧಾಪ್ಯದಲ್ಲಿ ದೃಷ್ಟಿ ಮಂದವಾಗಲು ಹೆಚ್ಚಾಗಿ ಕಣ್ಣಿನ ಪೊರೆಯಂತಹ ಸಾಮಾನ್ಯ ಕಾರಣಗಳೇ ಇರುತ್ತವೆ; ಅಂಜಬೇಕಾಗಿಲ್ಲ. ಆದರೆ ನೋಟವು ಶೀಘ್ರವಾಗಿ ಕುಂದುತ್ತಿದ್ದರೆ ಅದನ್ನು ವಯೋಧರ್ಮವೆಂದು ಅಲಕ್ಷಿಸಲಾಗದು. ಹೊರಜಗತ್ತನ್ನು ಕಾಣಲೆಂದಿರುವ ಕಣ್ಣು ಒಮ್ಮೊಮ್ಮೆ ಒಳಗಣ ಕೇಡನ್ನೂ ಸೂಚಿಸುತ್ತದೆ. ಆ ಸೂಚನೆಯನ್ನು ಸಕಾಲದಲ್ಲಿ ಅರಿತರೆ ದೃಷ್ಟಿಯೊಡನೆ ಪ್ರಾಣವೂ ಉಳಿಯುವ ಸಾಧ್ಯತೆಯಿದೆ.