ಬೆಟ್ಟದ ಕಳ್ಳನ ಗಡ್ಡ

ಕೊಯಮತ್ತೂರಿನ ನೇಕಾರರ ಬೀದಿಯೊಂದರಲ್ಲಿ, ಮನೆಯೊಳಗೆ ಕನ್ನಡವನ್ನೂ ಹೊಸ್ತಿಲಿನಾಚೆ ತಮಿಳನ್ನೂ ಆಡುತ್ತ ಬೆಳೆದ ನನಗೆ, ಶನಿವಾರದ ಕೂಲಿ ಕೈಸೇರಿದ ಸಂಜೆ ಅಪ್ಪ ಲಾಳಿಯನ್ನು ಮಗ್ಗದ ಮೇಲಿರಿಸಿ, ಮೈಗಂಟಿದ ನೂಲಿನ ಎಳೆಗಳನ್ನು ಕೊಡವಿಕೊಂಡು, "ಏಳು, ಆಟಕ್ಕೆ ಹೋಗೋಣ" ಎಂದು ಕರೆಯುತ್ತಿದ್ದ ಗಳಿಗೆಗಿಂತ ಮಿಗಿಲಾದ ಹಬ್ಬ ಇನ್ನೊಂದಿರಲಿಲ್ಲ. ನಮ್ಮ ಚೌಡೇಶ್ವರಿಯ ಅಲಗುಸೇವೆಯೂ ಅದಕ್ಕೆ ಸಮವಲ್ಲವೆಂದು ಒಮ್ಮೆ ಬಾಯಿಬಿಟ್ಟು ಹೇಳಿ ಅಜ್ಜಿಯಿಂದ ಪೆಟ್ಟು ತಿಂದದ್ದೂ ಉಂಟು. ಅಂದಿನಿಂದ ಇಂದಿನವರೆಗೆ ನಾನು ವಿಮರ್ಶಕನಾಗಲಿಲ್ಲ, ಬರಿಯ ಚಟಗಾರನಾಗಿಯೇ ಉಳಿದೆ. ಆದುದರಿಂದ ಇಲ್ಲಿಯ ಅಭಿಪ್ರಾಯಗಳಿಗೆ ಶಾಸ್ತ್ರಾಧಾರವನ್ನು ಯಾರೂ ಅರಸಬಾರದು.

ಸಿನಿಮಾದ ವಿಷಯದಲ್ಲಿ ಈ ಊರಿಗಿರುವ ಹಿರಿತನವನ್ನು ಮದರಾಸಿನ ಪ್ರಭೆ ಮರೆಮಾಡಿದೆ. ತಿರುಚಿರಾಪಳ್ಳಿಯಲ್ಲಿ ರೈಲ್ವೆಯ ನಕ್ಷೆಗಾರರಾಗಿದ್ದ ಸಾಮಿಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚನೊಬ್ಬನಿಂದ ಚಿತ್ರಯಂತ್ರವನ್ನು ಕೊಂಡು, ಊರಿಂದೂರಿಗೆ ಡೇರೆ ಹೊತ್ತು ಆಟ ತೋರಿಸಿ, 1914ರಲ್ಲಿ ಇಲ್ಲಿ ವೆರೈಟಿ ಹಾಲ್ ಕಟ್ಟಿಸಿದರು. ಕಟ್ಟಡಕ್ಕೆ ಡಿಲೈಟ್ ಎಂಬ ಹೊಸ ಹೆಸರು ಬಂದರೂ ಬೀದಿ ವೆರೈಟಿ ಹಾಲ್ ರಸ್ತೆಯಾಗಿಯೇ ಉಳಿಯಿತು. ಸಿಂಗಾನಲ್ಲೂರಿನ ಸೆಂಟ್ರಲ್ ಸ್ಟುಡಿಯೋದಲ್ಲಿ, ಮಂಗಳೂರಿನವರಾದ ಸುಂದರರಾವ್ ನಾಡಕರ್ಣಿ ನಿರ್ದೇಶಿಸಿದ 'ಹರಿದಾಸ್' (1944) ಮದರಾಸಿನ ಬ್ರಾಡ್‌ವೇ ಚಿತ್ರಮಂದಿರದಲ್ಲಿ ಮೂರು ದೀಪಾವಳಿಗಳನ್ನು ಕಂಡಿತು, ಎಂ.ಜಿ. ರಾಮಚಂದ್ರನ್ ಮೊದಲ ಬಾರಿಗೆ ನಾಯಕರಾದ 'ರಾಜಕುಮಾರಿ'ಯೂ (1947) ಅಲ್ಲಿಯದೇ.

ಸಿಂಗಾನಲ್ಲೂರೆಂಬ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಇನ್ನೊಂದು ಸಿಂಗಾನಲ್ಲೂರು ನೆನಪಾಗುವುದು: ಕೊಳ್ಳೇಗಾಲ ತಾಲ್ಲೂಕಿನದು, ರಂಗಭೂಮಿಯ ಪುಟ್ಟಸ್ವಾಮಯ್ಯನವರದು. ಅವರ ಮಗ ಮುತ್ತುರಾಜ, ಮುಂದೆ ನಟ ರಾಜಕುಮಾರರಾದವರು, 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದಾಗ ಕೊಳ್ಳೇಗಾಲವೂ ಗಾಜನೂರೂ ಕೊಯಮತ್ತೂರು ಜಿಲ್ಲೆಗೇ ಸೇರಿದ್ದವು. ಕೊಳ್ಳೇಗಾಲ 1956ರಲ್ಲಿ ಮೈಸೂರಿನ ಪಾಲಾಯಿತು. ತಾಳವಾಡಿಯ ಗಾಜನೂರು ಈಗ ಈರೋಡ್ ಜಿಲ್ಲೆಯಲ್ಲಿದೆ. ಅಣ್ಣಾವ್ರು ನಮ್ಮ ಜಿಲ್ಲೆಯವರೆಂದು ನಾವು ಕೊಚ್ಚಿಕೊಳ್ಳುವುದಕ್ಕೆ ಆಧಾರ ಇಷ್ಟೇ. ಜಂಬಕ್ಕೆ ಇಷ್ಟು ಸಾಲದೆ?

ಇನ್ನು ನನ್ನ ಪ್ರೀತಿಯ ಚಿತ್ರಕ್ಕೆ ಬರುತ್ತೇನೆ. ಎಸ್.ಎಂ. ಶ್ರೀರಾಮುಲು ನಾಯ್ಡು ಅವರು ಇದೇ ಊರಿನ ತಮ್ಮ ಪಕ್ಷಿರಾಜ ಸ್ಟುಡಿಯೋದಲ್ಲಿ, ನಾಮಕ್ಕಲ್ ಕವಿ ರಾಮಲಿಂಗಂ ಪಿಳ್ಳೆಯವರ ಕಥೆಗೆ ಕರುಣಾನಿಧಿಯವರಿಂದ ಸಂಭಾಷಣೆ ಬರೆಸಿ 1954ರಲ್ಲಿ ತೆರೆಗೆ ತಂದ 'ಮಲೈಕ್ಕಳ್ಳನ್' ರಾಷ್ಟ್ರಪತಿಗಳ ರಜತಪದಕವನ್ನು ಪಡೆಯಿತು. ಅದೇ ವರ್ಷದ ಚಿತ್ರಗಳಲ್ಲಿ ಕನ್ನಡದ ಪ್ರಶಸ್ತಿಪತ್ರ ಸಂದುದು ಮುತ್ತುರಾಜ ರಾಜಕುಮಾರನಾದ 'ಬೇಡರ ಕಣ್ಣಪ್ಪ'ಕ್ಕೆ. ಒಬ್ಬ ಕಳ್ಳ, ಒಬ್ಬ ಬೇಡ. ಇಬ್ಬರೂ ಕಾಡಿನವರು, ಇಬ್ಬರೂ ಒಳ್ಳೆಯವರು.

'ಮಲೈಕ್ಕಳ್ಳನ್'ನಲ್ಲಿ ಎಂ.ಜಿ.ಆರ್. ಬೆಟ್ಟದ ದರೋಡೆಕೋರನೂ ಹೌದು, ಅಬ್ದುಲ್ ರಹೀಂ ಎಂಬ ಸಭ್ಯ ವರ್ತಕನೂ ಹೌದು. ನಡುವೆ ಇರುವ ಅಂತರ ಒಂದು ಗಡ್ಡ, ಒಂದು ಟೋಪಿ, ಸ್ವಲ್ಪ ಬಗ್ಗಿಸಿದ ದನಿ. ನೆಲದ ಮೇಲೆ ಕುಳಿತು ಕಡಲೆಕಾಯಿ ಸುಲಿಯುವ ಹುಡುಗನಿಗೂ ಕಂಡ ಸತ್ಯ ಪೊಲೀಸರಿಗೆ ಕಾಣದು. ಇದನ್ನು ಕಂಡು ನಗುವ ವಿದ್ಯಾವಂತರು, ಬಯಲಾಟದ ಸುಭದ್ರಾ ಕಲ್ಯಾಣದಲ್ಲಿ ಕಾವಿಯುಟ್ಟ ಅರ್ಜುನನನ್ನು ದ್ವಾರಕೆಯವರು ಗುರುತಿಸಲಿಲ್ಲವೇಕೆ ಎಂದು ರಾತ್ರಿಯೆಲ್ಲ ಎದ್ದಿದ್ದು ನೋಡುವ ಒಕ್ಕಲಿಗನು ಎಂದಾದರೂ ಕೇಳಿದನೇ ಎಂಬುದನ್ನು ಯೋಚಿಸಬೇಕು. ವೇಷದ ಸುಖವಿರುವುದು ಮೋಸಹೋಗುವುದರಲ್ಲಲ್ಲ, ಮೋಸದಲ್ಲಿ ಪಾಲುಗೊಳ್ಳುವುದರಲ್ಲಿ; ಗಡ್ಡ ಎಷ್ಟು ಸಡಿಲವಾಗಿ ಅಂಟಿದೆಯೋ ನಮ್ಮ ಪಾಲು ಅಷ್ಟು ಹೆಚ್ಚು. ಮುಖವಾಡವನ್ನು ನಂಬಿಸುವುದಕ್ಕಾಗಿ ಯಂತ್ರಗಳಿಗೆ ಕೋಟಿಗಟ್ಟಲೆ ಸುರಿಯುವ ಇಂದಿನ ಚಿತ್ರಗಳಲ್ಲಿ ನಾನು ಕಳೆದುಕೊಂಡಿರುವುದು ಈ ಸಲಿಗೆಯನ್ನು.

ನಾಯ್ಡು ಈ ಕಥೆಯನ್ನು ತಮಿಳಿಗೆ ಬಿಟ್ಟು ಸುಮ್ಮನಾಗಲಿಲ್ಲ. ತೆಲುಗಿನಲ್ಲಿ 'ಅಗ್ಗಿ ರಾಮುಡು', ಹಿಂದಿಯಲ್ಲಿ 'ಆಜಾದ್' (1955), ಮಲೆಯಾಳದಲ್ಲಿ 'ತಸ್ಕರವೀರನ್', ಕನ್ನಡದಲ್ಲಿ ಕಲ್ಯಾಣ್‌ಕುಮಾರ್ ನಟಿಸಿದ 'ಬೆಟ್ಟದ ಕಳ್ಳ' (1957), ಸಿಂಹಳದಲ್ಲಿ 'ಸೂರಸೇನ': ಒಬ್ಬನೇ ಕಳ್ಳ ಆರು ಭಾಷೆಗಳಲ್ಲಿ ಕದ್ದನು. ನೆಂಟರ ಮದುವೆಗೆ ಮೈಸೂರಿಗೆ ಹೋಗಿ 'ಬೆಟ್ಟದ ಕಳ್ಳ'ನನ್ನು ನೋಡಿಬಂದ ಅಪ್ಪ, ಹೇಗಿತ್ತೆಂದು ಬೀದಿಯವರು ಕೇಳಿದ್ದಕ್ಕೆ, "ಅದೇ ಹಾಸು, ಹೊಕ್ಕು ಮಾತ್ರ ಬೇರೆ" ಎಂದರಂತೆ. ನನಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ತಿಳಿಯದು. ಕಥೆಯನ್ನು ಮರಳಿ ನೇಯುವುದು ಕಳವಲ್ಲ. ಹೊಕ್ಕು ಯಾವುದೆಂಬುದೇ ಪ್ರಶ್ನೆ. 'ಆಜಾದ್'ನಲ್ಲಿ ಆ ಹೊಕ್ಕು ದಿಲೀಪ್‌ಕುಮಾರ್. ಚಿತ್ರದಿಂದ ಚಿತ್ರಕ್ಕೆ ದುಃಖವನ್ನೇ ನಟಿಸಿ ಬಳಲಿದ್ದ ಆ ಮಹಾನಟ ಇಲ್ಲಿ ಗಡ್ಡದೊಳಗೆ ಅಡಗಿ ತುಂಟತನ ಮಾಡುವುದನ್ನು ನೋಡಿದರೆ, ರಜೆಗೆ ಊರಿಗೆ ಬಂದ ಹೆಡ್‌ಮಾಸ್ತರರು ಹುಣಿಸೆಮರ ಹತ್ತಿದ್ದನ್ನು ಕಂಡಂತಾಗುವುದು. ಎಂ.ಜಿ.ಆರ್. ಕಳ್ಳನನ್ನು ನಂಬಿ ನಟಿಸಿದರು, ದಿಲೀಪ್ ಅವನೊಡನೆ ಆಟವಾಡಿದರು. ನನ್ನ ಮತ, ಮನೆಯಲ್ಲಿ ಜಗಳವಾದರೂ ಸರಿ, ಎರಡನೆಯವರಿಗೆ. ನಾಯ್ಡು ಅವರ ದೋಷವೆಂದರೆ ಹಾಸಿನ ಮೇಲೆ ಅವರಿಗಿದ್ದ ಅತಿವಿಶ್ವಾಸ. ಕಥೆ ಓಡುತ್ತಿದ್ದರೆ ಸಾಕು, ಪಾತ್ರ ಒಂದು ಗಳಿಗೆ ಕುಳಿತು ಯೋಚಿಸುವುದಕ್ಕೂ ಅವರು ಎಡೆಗೊಡರು.

ಮುಂದೆ ಸ್ಟುಡಿಯೋಗಳು ಬಾಗಿಲು ಹಾಕಿದವು, ಪೊಳ್ಳಾಚಿಯ ತೆಂಗಿನ ತೋಟಗಳೇ ಸ್ಟುಡಿಯೋಗಳಾದವು. ಆಲದ ಕಟ್ಟೆ, ಹೆಗಲ ಮೇಲಿನ ಶಲ್ಯ, ಒಂದು ಮಾತಿಗೆ ಊರೇ ತಲೆಬಾಗುವ ಗೌಂಡರು: ಈ ಜಾತಿಯ ಚಿತ್ರಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿ ಅಷ್ಟೇ ಬೇಸತ್ತಿದ್ದೇನೆ. ಕಟ್ಟೆಯ ಕೆಳಗೆ ಕೈಕಟ್ಟಿ ನಿಂತವನ ಮುಖಕ್ಕೆ ಕ್ಯಾಮೆರಾ ತಿರುಗಿದ್ದು ಅಪರೂಪ. 'ಚಿನ್ನ ಗೌಂಡರ್' ಕನ್ನಡದಲ್ಲಿ 'ಚಿಕ್ಕೆಜಮಾನ್ರು' ಆದಾಗ ಕೊಂಗುನಾಡಿನ ಮಾತಿನ ರುಚಿಯೂ ಹೋಯಿತು, ಶಲ್ಯವೊಂದು ಉಳಿಯಿತು.

ಕನ್ನಡ ಚಿತ್ರವನ್ನು ಕನ್ನಡನಾಡಿನಲ್ಲಿಯೇ ನೋಡಬೇಕೆಂಬ ಹಟದಿಂದ ನಾನು ಮೊದಲ ಸಲ ದಿಂಬಂ ಘಟ್ಟವೇರಿದ್ದು 'ಗಂಧದಗುಡಿ'ಗಾಗಿ (1973). ಬಣ್ಣಾರಿ ಅಮ್ಮನ ಗುಡಿಯ ಮುಂದೆ ಬಸ್ಸು ನಿಂತಿತು, ಚಾಲಕ ಕರ್ಪೂರ ಹಚ್ಚಿ ಕೈಮುಗಿದ, ಮುಂದೆ ಇಪ್ಪತ್ತೇಳು ತಿರುವುಗಳು. ಎಂಟನೆಯದರಲ್ಲಿಯೇ ನನ್ನ ಎಣಿಕೆ ತಪ್ಪಿತು, ಪಕ್ಕದ ಮುದುಕಿಯ ಬುಟ್ಟಿಯಲ್ಲಿದ್ದ ಕೋಳಿ ಮಾತ್ರ ಪ್ರತಿಯೊಂದನ್ನೂ ಕೂಗಿ ಎಣಿಸುತ್ತಿತ್ತು. ಆ ಚಿತ್ರದಲ್ಲಿ ರಾಜಕುಮಾರರು ಅರಣ್ಯಾಧಿಕಾರಿ. ಕಾಡಿನ ಕಳ್ಳರು ಅಲ್ಲಿ ಬರಿಯ ಕಳ್ಳರು, ಗಡ್ಡದ ಹಿಂದೆ ಯಾವ ಅಬ್ದುಲ್ ರಹೀಮನೂ ಇಲ್ಲ. ನನ್ನ ಪ್ರೀತಿಯ ಸಂಪ್ರದಾಯವನ್ನು ತಿರುವುಮುರುವು ಮಾಡಿದ ಚಿತ್ರವೆಂದು ಅಂದು ಸ್ವಲ್ಪ ಮುನಿಸಿಕೊಂಡೇ ಮರಳಿದ್ದೆ.

2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಗಾಜನೂರಿನ ಮನೆಯಿಂದ ರಾಜಕುಮಾರರನ್ನು ಕಾಡಿಗೆ ಕರೆದೊಯ್ದನು. 108 ದಿನಗಳ ಆ ಅವಧಿಯಲ್ಲಿ ನಮ್ಮ ಬೀದಿಯವರು ಮನೆಯ ಕನ್ನಡವನ್ನೂ ದನಿ ತಗ್ಗಿಸಿಯೇ ಆಡುತ್ತಿದ್ದರು. ಅಂಥದೊಂದು ಮಧ್ಯಾಹ್ನ ಟೀವಿಯಲ್ಲಿ 'ಮಲೈಕ್ಕಳ್ಳನ್' ಬಂತು. ಅಪ್ಪ, ಎಂಬತ್ತರ ಹತ್ತಿರದವರು, ಗೋಡೆಗೊರಗಿ ನೋಡುತ್ತಿದ್ದರು. ಎಂ.ಜಿ.ಆರ್. ವರ್ತಕನ ವೇಷದಲ್ಲಿ ಬಂದಾಗ ಎಂದಿನಂತೆ ನಕ್ಕರು, ಬಳಿಕ ನನ್ನ ಕಡೆ ತಿರುಗಿ, "ಇವನು ಗಡ್ಡ ಕಿತ್ತರೆ ಸಾಕು, ಒಳ್ಳೆಯವನಾಗಿಬಿಡ್ತಾನೆ. ಆ ಮೀಸೆಯವನು ಮೀಸೆ ಬೋಳಿಸಿದರೆ ಒಳಗೆ ಯಾರಿರ್ತಾರೋ?" ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅವರೆದ್ದು ಮಗ್ಗದ ಕೋಣೆಗೆ ಹೋಗಿದ್ದರು. ಆಟ ಅರ್ಧಕ್ಕೆ ಬಿಟ್ಟು ಅಪ್ಪ ಏಳುವುದನ್ನು ನಾನು ನೋಡಿದ್ದು ಅದೊಂದೇ ಸಲ.