ಬೆಸುಗೆ ಬಿಡಿಸಿ ಮತ್ತೆ ಬೆಸೆಯುವ ರೇಡಿಯೇಟರ್

ಪೆಟ್ರೋಲ್ ಎಂಜಿನ್ ಸುಡುವ ಇಂಧನದಲ್ಲಿ ಸಾಮಾನ್ಯವಾಗಿ ಮೂರರಲ್ಲೊಂದು ಪಾಲಿನಷ್ಟು ಶಕ್ತಿ ಮಾತ್ರ ಗಾಡಿಯನ್ನು ಓಡಿಸುತ್ತದೆ. ಇನ್ನೊಂದು ದೊಡ್ಡ ಪಾಲು ಸೈಲೆನ್ಸರಿನಿಂದ ಬಿಸಿಗಾಳಿಯಾಗಿ ಹೋಗುತ್ತದೆ. ಉಳಿದ ಬಿಸಿಯಲ್ಲಿ ಬಹುಪಾಲನ್ನು ಎಂಜಿನ್ನಿನ ಮೈಯೊಳಗೆ ಸುತ್ತುವ ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡುತ್ತದೆ. ಬಿಡುವ ವೇಗ ಹೆಚ್ಚಬೇಕಾದರೆ ಲೋಹ ಗಾಳಿಗೆ ತಾಕುವ ಜಾಗ ಹೆಚ್ಚಬೇಕು. ವಿಲ್ಹೆಲ್ಮ್ ಮೇಬಾಖ್ 1900ರಲ್ಲಿ ರೂಪಿಸಿದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿನ ಜೇನುಗೂಡು ರೇಡಿಯೇಟರಿನಲ್ಲಿ 8,070 ಪುಟ್ಟ ಕೊಳವೆಗಳಿದ್ದದ್ದು ಇದೇ ಕಾರಣಕ್ಕೆ.

ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ರೇಡಿಯೇಟರ್ ರಿಪೇರಿಯ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಎಂಜಿಬಿ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರಿದು. ಬಿಡಿಭಾಗಗಳು ಇವತ್ತಿಗೂ ಸಿಗುತ್ತವೆ. ಇದರ 1798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ಬಿ-ಸೀರೀಸ್ ವಂಶದ್ದು. ನಮ್ಮ ಅಂಬಾಸಡರ್‌ನಲ್ಲಿ ದಶಕಗಳ ಕಾಲ ದುಡಿದ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಅದೇ ಮನೆತನದ ಕೂಸು. ಘಾಟಿ ಹತ್ತುವಾಗ ರಸ್ತೆ ಬದಿಗೆ ನಿಂತು, ಬಾನೆಟ್ ಎತ್ತಿ, ಬಿಂದಿಗೆಯಲ್ಲಿ ನೀರು ತಂದು ಹುಯ್ದವರಿಗೆ ಈ ಎಂಜಿನ್ನಿನ ಸ್ವಭಾವ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಕಾಲದ ರೇಡಿಯೇಟರಿನ ರಚನೆ ಸರಳ. ಮೇಲೊಂದು ಹಿತ್ತಾಳೆಯ ತೊಟ್ಟಿ, ಕೆಳಗೊಂದು. ಅವೆರಡರ ನಡುವೆ ಚಪ್ಪಟೆ ಹಿತ್ತಾಳೆ ಕೊಳವೆಗಳ ಸಾಲು. ಕೊಳವೆಗಳಿಗೆ ಅಂಟಿಕೊಂಡಂತೆ ತಾಮ್ರದ ತೆಳು ತಗಡಿನ ರೆಕ್ಕೆಗಳು. ಕೊಳವೆ, ರೆಕ್ಕೆ ಸೇರಿದ ಭಾಗಕ್ಕೆ ಕೋರ್ ಎನ್ನುತ್ತಾರೆ. ಇಡೀ ಸಾಮಾನನ್ನು ಹಿಡಿದಿಟ್ಟಿರುವುದು ಸೀಸ ಮತ್ತು ತವರದ ಬೆಸುಗೆ. ಬೆಸುಗೆ ಅಂದ ಮೇಲೆ ಕಾಯಿಸಿದರೆ ಬಿಡುತ್ತದೆ, ಮತ್ತೆ ಹಾಕಿದರೆ ಕೂರುತ್ತದೆ. ಈಗಿನ ಕಾರುಗಳಲ್ಲಿ ಅಲ್ಯೂಮಿನಿಯಂ ಕೋರಿನ ಅಂಚನ್ನು ಮಡಿಸಿ ಪ್ಲಾಸ್ಟಿಕ್ ತೊಟ್ಟಿಗೆ ಬಿಗಿದಿರುತ್ತಾರೆ. ಅದು ಹಗುರ, ಅಗ್ಗ, ಕೆಟ್ಟರೆ ಎಸೆಯುವಂಥದ್ದು. ಹಳೆಯದು ಬಿಚ್ಚಿ ರಿಪೇರಿ ಮಾಡಲೆಂದೇ ಹುಟ್ಟಿದ್ದು.

ಆದರೆ ಎಂಜಿನ್ ಕಾದ ಕೂಡಲೇ ರೇಡಿಯೇಟರಿನ ಮೇಲೆ ತಪ್ಪು ಹೊರಿಸುವುದು ಅವಸರವಾಗುತ್ತದೆ. ಕಾವು ಯಾವಾಗ ಏರುತ್ತದೆ ಎಂಬುದೇ ಮೊದಲ ಸುಳಿವು. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಗಾಡಿ ಓಡತೊಡಗಿದ ಮೇಲೆ ಇಳಿದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಫ್ಯಾನು, ಅದರ ಬೆಲ್ಟು, ರೇಡಿಯೇಟರಿನ ಸುತ್ತ ಗಾಳಿ ಸೋರದಂತೆ ಅಂಟಿಸಿದ ಸ್ಪಂಜಿನ ಪಟ್ಟಿ ಇವುಗಳನ್ನು ನೋಡಬೇಕು. ಹೆದ್ದಾರಿಯಲ್ಲಿ ವೇಗ ಹಿಡಿದಂತೆ ಕಾವೂ ಏರುತ್ತಾ ಹೋದರೆ ನೀರಿನ ಹರಿವಿಗೆ ಅಡ್ಡಿಯಿದೆ. ಕೊಳವೆ ಕಟ್ಟಿರುವ ಅನುಮಾನ ಆಗ ಗಟ್ಟಿಯಾಗುತ್ತದೆ. ಅಲ್ಲಿಯೂ ಪಂಪಿನ ಎಳೆತಕ್ಕೆ ಒಳಕ್ಕೆ ಅಂಟಿಕೊಳ್ಳುವ ಮುದಿ ಕೆಳ ಹೋಸ್, ಅರ್ಧಕ್ಕೇ ಸಿಕ್ಕಿಕೊಂಡ ಥರ್ಮೋಸ್ಟ್ಯಾಟ್, ಹಿಂದೆ ಬಿದ್ದ ಇಗ್ನಿಷನ್ ಟೈಮಿಂಗ್ ಇದೇ ಲಕ್ಷಣ ತೋರಿಸಬಲ್ಲವು. ನೀರು ಎಲ್ಲಿಯೂ ಸೋರದೆ ಕಡಿಮೆಯಾಗುತ್ತಿದ್ದು, ಎಂಜಿನ್ ಓಡುವಾಗ ತೊಟ್ಟಿಯಲ್ಲಿ ಗುಳ್ಳೆ ಏಳುತ್ತಿದ್ದರೆ ಸಿಲಿಂಡರ್ ಹೆಡ್‌ನ ಗ್ಯಾಸ್ಕೆಟ್ ಹೋಗಿರಬಹುದು. ಹೊಸ ರೇಡಿಯೇಟರ್ ಅದಕ್ಕೆ ಮದ್ದಲ್ಲ. ಕಾದ ರೇಡಿಯೇಟರಿನ ಮೇಲ್ಮೈಯನ್ನು ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಅಳೆದರೆ ಕಟ್ಟಿದ ಕೊಳವೆಗಳ ಜಾಗ ತಣ್ಣಗಿರುವುದು ಗೊತ್ತಾಗುತ್ತದೆ.

ಕ್ಯಾಪು ನೋಡಲು ಚಿಕ್ಕದು, ಕೆಲಸ ದೊಡ್ಡದು. 10 ಪಿಎಸ್‌ಐ ಒತ್ತಡ ಹಿಡಿಯುವ ಕ್ಯಾಪಿನಡಿ ನೀರು ಕುದಿಯುವುದು 100 ಡಿಗ್ರಿಗಲ್ಲ, ಸುಮಾರು 115 ಡಿಗ್ರಿ ಸೆಲ್ಸಿಯಸ್‌ಗೆ. ಕಾದಿರುವಾಗ ಕ್ಯಾಪ್ ತಿರುಗಿಸಿದರೆ ಒತ್ತಡ ತಟ್ಟನೆ ಇಳಿದು ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಸ್ಪ್ರಿಂಗ್ ಸಡಿಲಾದ ಕ್ಯಾಪನ್ನು ಬದಲಿಸುವುದು ಅಗ್ಗದ ರಿಪೇರಿ. ಹೆಚ್ಚು ಒತ್ತಡದ ಕ್ಯಾಪ್ ಹಾಕಿ ರೋಗ ಮುಚ್ಚಿಡುವುದು ಮಾತ್ರ ಹಳೆಯ ಬೆಸುಗೆಗೆ ಶಿಕ್ಷೆ.

ರೇಡಿಯೇಟರನ್ನು ಹೊರತೆಗೆಯುವುದು ಒಂದು ಮಧ್ಯಾಹ್ನದ ಕೆಲಸ. ಎಂಜಿನ್ ಪೂರ್ತಿ ತಣಿದ ಮೇಲೆ ಕ್ಯಾಪ್ ತೆಗೆದು, ಕೆಳಗಿನಿಂದ ನೀರಿಳಿಸಬೇಕು. ರೇಡಿಯೇಟರಿನದಷ್ಟೇ ಇಳಿಸಿದರೆ ಎಂಜಿನ್ ಬ್ಲಾಕಿನ ತಳದ ಕೆಸರು ಅಲ್ಲಿಯೇ ಉಳಿಯುತ್ತದೆ. ಬ್ಲಾಕಿಗೆ ಬೇರೆಯೇ ನಲ್ಲಿ ಇದ್ದು, ಅದರ ಬಾಯಿ ಬಹಳ ಸಲ ಕಟ್ಟಿಕೊಂಡಿದ್ದು ತಂತಿಯಿಂದ ಕೆದಕಬೇಕಾಗುತ್ತದೆ. ಗಟ್ಟಿಯಾದ ಹೋಸುಗಳನ್ನು ಎಳೆದಾಡಿದರೆ ಮೂತಿಯ ಬೆಸುಗೆ ಕಿತ್ತುಬರುತ್ತದೆ. ಹೇಗೂ ಹೊಸ ಹೋಸ್ ಹಾಕುವುದರಿಂದ ಹಳೆಯದನ್ನು ಉದ್ದಕ್ಕೆ ಸೀಳಿ ತೆಗೆಯುವುದೇ ಜಾಣತನ. ಎಂಜಿಬಿಯಲ್ಲಿ ರೇಡಿಯೇಟರ್ ಒಂದು ಅಗಲವಾದ ತಗಡಿನ ಗೋಡೆಗೆ ಬೋಲ್ಟ್ ಆಗಿರುತ್ತದೆ. ಆಯಿಲ್ ಕೂಲರ್ ಇರುವ ಕಾರುಗಳಲ್ಲಿ ಅದರ ಕೊಳವೆಗಳೂ ಈ ಗೋಡೆಯ ಮೂಲಕ ಹಾದುಹೋಗುವುದರಿಂದ ಬೋಲ್ಟಿಗೆ ಕೈಹಾಕುವ ಮೊದಲು ಅವುಗಳ ದಾರಿ ಗಮನಿಸಬೇಕು. ಫ್ಯಾನಿನ ಅಲಗುಗಳು ಕೋರನ್ನು ಗೀರದಂತೆ ನಡುವೆ ಒಂದು ರಟ್ಟು ಇಳಿಬಿಟ್ಟರೆ ಸಾಕು. 1977ರ ಮಾದರಿಯಿಂದ ರೇಡಿಯೇಟರ್ ಮುಂದಕ್ಕೆ ಸರಿದು ವಿದ್ಯುತ್ ಫ್ಯಾನ್ ಬಂತು. ಹಿಂದಿನ ಕಾರಿಗೆ ಕೋರ್ ತರಿಸುವವರು ವರ್ಷ ನೋಡಿಯೇ ತರಿಸಬೇಕು.

ಇನ್ನು ರೇಡಿಯೇಟರ್ ಅಂಗಡಿಯ ಕೆಲಸ. ಅಲ್ಲಿ ಮೊದಲು ಹೋಸ್ ಮೂತಿಗಳಿಗೆ ಬಿರಡೆ ಜಡಿದು, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಎದ್ದಲ್ಲಿ ತೂತು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಉಪಾಯವೇ ಇದು. ಬಳಿಕ ಗ್ಯಾಸಿನ ಉರಿಯಲ್ಲಿ ಬೆಸುಗೆ ಕರಗಿಸಿ ಮೇಲಿನ ತೊಟ್ಟಿಯನ್ನು ಎತ್ತುತ್ತಾರೆ. ಹತ್ತಾರು ವರ್ಷ ಬೋರ್‌ವೆಲ್ ನೀರು ಕುಡಿದ ರೇಡಿಯೇಟರಿನ ಕೊಳವೆಬಾಯಿಗಳಲ್ಲಿ ಸುಣ್ಣದ ಪದರ, ತುಕ್ಕಿನ ಕೆಸರು, ಸತ್ತ ಕೂಲೆಂಟ್ ತಿಂದುಹಾಕಿದ ಬೆಸುಗೆಯ ಬಿಳಿ ಪುಡಿ ಕಾಣುತ್ತವೆ. ಕೊಳವೆ ಗಟ್ಟಿಯಿದ್ದರೆ ಚಪ್ಪಟೆ ಸರಳನ್ನು ಒಂದೊಂದಕ್ಕೂ ತೂರಿಸಿ ಕೆರೆದು ತೊಳೆದರೆ ಹರಿವು ಮರಳುತ್ತದೆ. ಒಂದೆರಡು ಕೊಳವೆ ಸೋರಿದರೆ ಎರಡೂ ತುದಿ ಮುಚ್ಚಿಬಿಡುವ ರೂಢಿಯಿದೆ; ನಾಲ್ಕೈದು ಮುಚ್ಚುವ ಸ್ಥಿತಿ ಬಂದರೆ ಅಂಥ ಕೋರನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ರೆಕ್ಕೆಗಳನ್ನು ಬೆರಳಿನಿಂದ ಮುಟ್ಟಿದರೆ ಹಸಿರು ಪುಡಿಯಾಗಿ ಉದುರುತ್ತಿದ್ದರೂ ಅಷ್ಟೇ. ಅವು ಕೊಳವೆಯಿಂದ ಬಿಟ್ಟುಕೊಂಡಿದ್ದರೆ ನೀರು ಎಷ್ಟೇ ಹರಿದರೂ ಬಿಸಿ ಗಾಳಿಗೆ ದಾಟುವುದಿಲ್ಲ.

ಹೊಸ ಕೋರ್ ಹಾಕುವಾಗ ಹಳೆಯ ತೊಟ್ಟಿಗಳು, ಪಕ್ಕದ ಪಟ್ಟಿಗಳು ಹಾಗೆಯೇ ಉಳಿಯುತ್ತವೆ. ಹಿತ್ತಾಳೆಯ ಅಂಚನ್ನು ಹೊಳೆಯುವಂತೆ ಉಜ್ಜಿ, ಫ್ಲಕ್ಸ್ ಬಳಿದು, ತವರದ ತೆಳು ಲೇಪ ಕೊಟ್ಟ ಮೇಲೆಯೇ ಬೆಸುಗೆ. ಅಂಚಿನಲ್ಲಿ ಕೊಳೆ ಉಳಿದರೆ ಬೆಸುಗೆ ಮೇಲೆ ಕೂತಂತೆ ಕಂಡರೂ ಹಿಡಿದಿರುವುದಿಲ್ಲ. ಇಲ್ಲೊಂದು ಆಸೆ ಎದುರಾಗುತ್ತದೆ: ಎರಡು ಸಾಲಿನ ಬದಲು ನಾಲ್ಕು ಸಾಲು ಕೊಳವೆ ಹಾಕಿಸಿದರೆ ತಂಪು ಇಮ್ಮಡಿಯಾಗದೇ? ಆಗುವುದಿಲ್ಲ. ಹಿಂದಿನ ಸಾಲುಗಳಿಗೆ ಮುಟ್ಟುವುದು ಮುಂದಿನವು ಆಗಲೇ ಕಾಯಿಸಿದ ಗಾಳಿ, ದಪ್ಪ ಕೋರು ಗಾಳಿಯನ್ನೂ ತಡೆಯುತ್ತದೆ. ಕಡೆಗೆ ಬಳಿಯುವ ಕಪ್ಪು ಬಣ್ಣವೂ ತೆಳ್ಳಗಿರಬೇಕು. ದಪ್ಪ ಪೇಂಟ್ ಕೋರಿಗೆ ಕಂಬಳಿ ಹೊದಿಸಿದಂತೆ.

ಪೂರ್ತಿ ಹೊಸದನ್ನು ಕೊಳ್ಳುವವರ ಮುಂದೆ ಅಲ್ಯೂಮಿನಿಯಂ ರೇಡಿಯೇಟರ್ ಇದೆ. ತಾಮ್ರ ಬಿಸಿಯನ್ನು ಅಲ್ಯೂಮಿನಿಯಂಗಿಂತ ಚೆನ್ನಾಗಿ ಸಾಗಿಸುತ್ತದೆ, ಆದರೆ ಮೂರು ಪಟ್ಟಿಗಿಂತ ಹೆಚ್ಚು ಭಾರ. ಅಲ್ಯೂಮಿನಿಯಂನಲ್ಲಿ ಅಗಲ ಕೊಳವೆಗಳನ್ನು ಕೂರಿಸಬಹುದಾದ್ದರಿಂದ ಆ ಕೊರತೆ ತುಂಬಿಹೋಗುತ್ತದೆ. ಊರಿನ ಅಂಗಡಿಯ ಬೆಸುಗೆಗೆ ಅದು ಬಗ್ಗುವುದಿಲ್ಲ, ಬೇರೆ ಲೋಹದ ಜೊತೆಗೆ ಕೆಟ್ಟ ಕೂಲೆಂಟ್ ಸೇರಿದರೆ ಬೇಗ ತಿನ್ನಿಸಿಕೊಳ್ಳುತ್ತದೆ. ಕಾರಿನ ಮೂಲ ರೂಪಕ್ಕೆ ಬೆಲೆ ಕೊಡುವವರಿಗೆ ಬಾನೆಟ್ ಎತ್ತಿದಾಗ ಅದು ಕಣ್ಣಿಗೆ ಚುಚ್ಚುವುದೂ ಉಂಟು.

ತುಂಬಲು ಭಟ್ಟಿ ಇಳಿಸಿದ ನೀರು ಮತ್ತು ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಸಮಪಾಲು. ಹಿಮ ಬೀಳದ ನಾಡಿನಲ್ಲಿ ಕೂಲೆಂಟ್ ಯಾಕೆ ಎನ್ನುವವರಿದ್ದಾರೆ. ಅದು ಕುದಿಯುವ ಬಿಂದುವನ್ನು ಏರಿಸುತ್ತದೆ, ಅದಕ್ಕಿಂತ ಮುಖ್ಯವಾಗಿ ತುಕ್ಕು ತಡೆಯುತ್ತದೆ. ಸೀಸದ ಬೆಸುಗೆಯಿರುವ ಹಳೆಯ ಕಾರಿಗೆ ಸಿಲಿಕೇಟ್ ಬೆರೆತ ಹಳೆಯ ಬಗೆಯದೇ ವಾಸಿ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಗ್ಲೈಕಾಲ್ ಸಿಹಿಯಾಗಿದ್ದು ನಾಯಿ, ಬೆಕ್ಕುಗಳಿಗೆ ವಿಷ. ಇಳಿಸಿದ್ದನ್ನು ಅಂಗಳದಲ್ಲಿ ಬಿಡಬಾರದು.

ಎಂಜಿಬಿಗೆ ಹಿಡಿಸುವುದು ಸುಮಾರು ಐದೂವರೆ ಲೀಟರ್. ಹೀಟರಿನ ಕವಾಟ ತೆರೆದು, ಕಾರಿನ ಮೂತಿ ತುಸು ಮೇಲಿರುವಂತೆ ನಿಲ್ಲಿಸಿ, ನಿಧಾನವಾಗಿ ಹುಯ್ಯಬೇಕು. ಒಳಗೆ ಸಿಕ್ಕಿಬಿದ್ದ ಗಾಳಿ ಹೊಸ ರೇಡಿಯೇಟರಿಗೂ ಕೆಟ್ಟ ಹೆಸರು ತರುತ್ತದೆ. ತಣ್ಣಗಿರುವ ಎಂಜಿನ್ನನ್ನು ಕ್ಯಾಪ್ ತೆಗೆದೇ ಚಾಲೂ ಮಾಡಿದರೆ, 82 ಡಿಗ್ರಿಯ ಥರ್ಮೋಸ್ಟ್ಯಾಟ್ ತೆರೆದ ಕ್ಷಣ ಮೇಲಿನ ಹೋಸ್ ಬಿಸಿಯಾಗಿ ನೀರಿನ ಮಟ್ಟ ಗುಳುಕ್ಕನೆ ಇಳಿಯುತ್ತದೆ. ಆಗ ತುಂಬಿ ಕ್ಯಾಪ್ ಬಿಗಿಯುವುದು. ಮೊದಲ ಓಟ ಮುಗಿಸಿ ರಾತ್ರಿಯಿಡೀ ತಣಿದ ಮೇಲೆ ಮತ್ತೊಮ್ಮೆ ಮಟ್ಟ ನೋಡಿ, ಹೋಸ್ ಕ್ಲಿಪ್ಪುಗಳನ್ನು ಅರ್ಧ ಸುತ್ತು ಬಿಗಿ ಮಾಡಬೇಕು. ಹೊಸ ರಬ್ಬರು ಮೊದಲ ಕಾವಿಗೆ ಸ್ವಲ್ಪ ಕೂರುತ್ತದೆ.