ನಿಮಗಿದು ಗೊತ್ತೆ? ಕಣಿವೆಯೇ ತುಳುಕಿದಾಗ

2015ರ ಏಪ್ರಿಲ್ 25ರಂದು ನೇಪಾಳದಲ್ಲಿ 7.8 ತೀವ್ರತೆಯ ಭೂಕಂಪವಾದಾಗ, ಕಠ್ಮಂಡು ಪಕ್ಕದ ಕೀರ್ತಿಪುರದ ಬಂಡೆನೆಲ ಬೇಗನೆ ಶಾಂತವಾಯಿತು. ಕೆಲವೇ ಕಿಲೋಮೀಟರ್ ಆಚೆ, ಕಠ್ಮಂಡು ಕಣಿವೆಯ ತಳ ಮಾತ್ರ ಓಲಾಡುತ್ತಲೇ ಇತ್ತು. ಕಠ್ಮಂಡು ಕೂತಿರುವುದು ಪುರಾತನ ಸರೋವರದ ಹೂಳಿನ ಮೇಲೆ. ಕೆಲವೆಡೆ ಆ ಜೇಡಿ, ಮರಳಿನ ಆಳ 500 ಮೀಟರಿಗೂ ಹೆಚ್ಚು. ಬಂಡೆಯಿಂದ ಮೆದು ಮಣ್ಣಿಗೆ ನುಗ್ಗಿದ ಅಲೆಯ ವೇಗ ತಗ್ಗಿ, ಓಲಾಟ ಹಿಗ್ಗುತ್ತದೆ. ಅಲೆ ಕಣಿವೆಯ ಅಂಚಿಗೆ ಬಡಿದು ವಾಪಸಾಗಿ, ಬೋಗುಣಿಯ ನೀರಿನಂತೆ ಒಳಗೇ ತುಳುಕುತ್ತದೆ. ಅಂದು ಒಂದು ಓಲಾಟಕ್ಕೆ 4-5 ಸೆಕೆಂಡು! ಗಿಡ್ಡ ಮನೆಗಳ ಸಹಜ ಓಲಾಟ ಸೆಕೆಂಡಿಗೂ ಕಡಿಮೆಯಾದ್ದರಿಂದ ತಾಳ ಕೂಡಲಿಲ್ಲ. ಎಷ್ಟೋ ಮನೆಗಳು ಬಚಾವಾದವು. ಮೆಕ್ಸಿಕೊ ನಗರಕ್ಕೆ ಆ ಅದೃಷ್ಟವಿರಲಿಲ್ಲ. 1985ರ ಭೂಕಂಪದಲ್ಲಿ ಅಲ್ಲಿನ ಸರೋವರದ ಜೇಡಿ ಸುಮಾರು 2 ಸೆಕೆಂಡಿನ ಲಯದಲ್ಲಿ ತೂಗಿ, ಅದೇ ಲಯಕ್ಕೆ ಓಲಾಡುವ ಮಧ್ಯಮ ಎತ್ತರದ ಕಟ್ಟಡಗಳನ್ನೇ ಹೆಚ್ಚಾಗಿ ಕೆಡವಿತ್ತು.